ಇನ್ನೊಮ್ಮೆ ಹೇಳವ್ವಾ

ನವೆಂಬರ್ 16, ಭಾನುವಾರ
ರಾಯಚೂರು, ಹಾಸ್ಟೆಲ್

ಪಪ್ಪಾ ನನ್ನನ್ನು ಒಂದು ಮಾತೂ ಕೇಳದೆ ಒಪ್ಪಿಕೊಂಡುಬಿಟ್ಟಿದ್ದಾನೆ. ಡಿಸೆಂಬರ್ ಇಪ್ಪತ್ತಕ್ಕೆ ಮಾನ್ವಿ ಕೋರ್ಟಿನ ವಕೀಲರ ಸಂಘದವರು ತಮ್ಮ ಲೈಬ್ರರಿಯಲ್ಲಿ ತಾತನ ಫೋಟೊ ಹಾಕುತ್ತಾರಂತೆ. ಮನೆಯವರ ಪೈಕಿ ಒಬ್ಬರು ಐದು ನಿಮಿಷ ಮಾತಾಡಬೇಕಂತೆ. ಸಂಘದ ಕಾರ್ಯದರ್ಶಿ ಶಂಭುಲಿಂಗಪ್ಪ ಸರ್ ಫೋನ್ ಮಾಡಿದ್ದಕ್ಕೆ ಪಪ್ಪಾ, "ನಮ್ಮ ವಿಶಾಖಾ ಅದಾಳಲ್ರಿ, ಲಾ ಓದಾಕತ್ತಾಳ, ಆಕಿನ ಮಾತಾಡ್ತಾಳ" ಅಂದುಬಿಟ್ಟನಂತೆ.

"ಪಪ್ಪಾ, ಮಗ ನೀನು. ನೀನೇ ಮಾತಾಡು."

"ನಾ ಕರೆಂಟ್ ಆಫೀಸಿನಾವ. ನನಗ ಲೈನ್ ಎಳಿಯಾಕ ಬರ್ತದ, ಮಾತು ಎಳಿಯಾಕ ಬರಂಗಿಲ್ಲ."

ಹೀಗೆ ಹೇಳಿ ಫೋನ್ ಇಟ್ಟ. ಇನ್ನೂ ಮೂವತ್ನಾಲ್ಕು ದಿನ ಇದೆ, ಈಗಲೇ ಟೆನ್ಶನ್.

ತಾತ ಹೋಗಿ ಆರು ತಿಂಗಳು. ಅವನ ಬಗ್ಗೆ ಗೊತ್ತಿರುವುದನ್ನೆಲ್ಲ ಬರೆಯೋಣ ಅಂತ ಕೂತೆ. ಹೆಸರು ಗದ್ದೆಪ್ಪ, ವಕೀಲ. ಹುಟ್ಟಿದ್ದು ದೇವದುರ್ಗ ತಾಲೂಕಿನ ಜಾಲಹಳ್ಳಿ. ಅವರ ಓಣಿಯಲ್ಲಿ ಕರಿ ಕೋಟು ಹಾಕಿದ ಮೊದಲ ಮನುಷ್ಯ. ಮೊದಲು ದೇವದುರ್ಗ ಕೋರ್ಟು, ಆಮೇಲೆ ಮಾನ್ವಿ. ಚಹಾಕ್ಕೆ ಮೂರು ಚಮಚ ಸಕ್ಕರೆ, ಅಜ್ಜಿ ನೋಡದಿದ್ದರೆ ನಾಲ್ಕು. ಕಿವಿ ಕೇಳುವುದಿಲ್ಲ. ಇಷ್ಟೇ. ಒಂದು ನಿಮಿಷಕ್ಕೂ ಸಾಲುವುದಿಲ್ಲ.

ಐದನೇ ಕ್ಲಾಸಿನಿಂದ ನಾನು ದೂರದ ಇಂಗ್ಲಿಷ್ ಮೀಡಿಯಂ ಹಾಸ್ಟೆಲಿನಲ್ಲಿ ಬೆಳೆದವಳು. ತಾತ ಅಂದರೆ ನನಗೆ ಭಾನುವಾರ ನಾಲ್ಕು ಗಂಟೆಗೆ ವಾರ್ಡನ್ ಮೇಡಂ ಫೋನಿನಲ್ಲಿ ಬರುವ ಒಂದು ದನಿ. ಒಬ್ಬೊಬ್ಬರಿಗೆ ಹತ್ತು ನಿಮಿಷ. ನಾನು ವಾರದ್ದೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸಿದರೆ ತಾತ, "ಇನ್ನೊಮ್ಮೆ ಹೇಳವ್ವಾ" ಅನ್ನುತ್ತಿದ್ದ. ಪ್ರತಿ ವಾರ! ಮತ್ತೆ ಮೊದಲಿನಿಂದ ಕಿರುಚಿ ಕಿರುಚಿ ಹೇಳಬೇಕು. ಹಿಂದೆ ಪಾಳಿಯಲ್ಲಿ ನಿಂತ ಹುಡುಗಿಯರು ನಗುತ್ತಿದ್ದರು. ಒಂಬತ್ತನೇ ಕ್ಲಾಸಿನ ರಜೆಯಲ್ಲಿ ನಾನೇ ಹಟ ಹಿಡಿದು ಪಪ್ಪಾನ ಕೈಲಿ ಅವನಿಗೆ ಕಿವಿ ಮಷೀನ್ ಕೊಡಿಸಿದೆ. ತಾತ ಬೇಡ ಅನ್ನಲಿಲ್ಲ, ಹಾಕಿಕೊಂಡ. ಆದರೂ ಭಾನುವಾರ ಬಂದರೆ ಅದೇ ರಾಗ. ವೇಸ್ಟ್ ಮಷೀನ್.

ನವೆಂಬರ್ 19, ಬುಧವಾರ

ಇವತ್ತಿನದನ್ನು ಬರೆಯಲೇಬಾರದು ಅಂದುಕೊಂಡಿದ್ದೆ.

ಮೂಟ್ ಕೋರ್ಟ್, ಅಂದರೆ ಕ್ಲಾಸಿನಲ್ಲಿ ನಡೆಸುವ ಅಣಕು ಕೋರ್ಟಿನ ಪ್ರಾಕ್ಟೀಸ್. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು, ಬೈಹಾರ್ಟ್ ಮಾಡಿದ್ದೆ. ನಿಂತೆ. ಮೊದಲ ಶಬ್ದವೇ ಬರಲಿಲ್ಲ. ಕೂತೆ. ಸರ್ "ನೆಕ್ಸ್ಟ್" ಅಂದರು, ಅಷ್ಟೇ.

ರೂಮ್‌ಮೇಟ್ ಜಾಹೆದಾ ಸಮಾಧಾನ ಮಾಡಿದಳು. "ಏನಾತೀಗ? ನೀ ಆರೋಪಿ ಅಂತ ತಿಳ್ಕೋ. ಆರೋಪಿಗಿ ಸುಮ್ಮಕಿರೋ ಹಕ್ಕು ಅದ ಅಂತ ಮೊನ್ನಿನ ಪಾಠದಾಗ ಬಂದದ." ಆಗ ನಗು ಬರಲಿಲ್ಲ. ಈಗ ಬರೆಯುವಾಗ ಸ್ವಲ್ಪ ಬಂತು.

ಆಫೀಸಿನಿಂದ ಟಿ.ಸಿ. ಅರ್ಜಿ ತಂದಿದ್ದೇನೆ. ತುಂಬಿಲ್ಲ, ಬ್ಯಾಗಿನಲ್ಲಿದೆ. ಬಿ.ಎ.ಗೆ ಸೇರಿದರೆ ಎದ್ದು ನಿಂತು ಮಾತಾಡು ಅಂತ ಯಾರೂ ಅನ್ನುವುದಿಲ್ಲ. ಇಪ್ಪತ್ತನೇ ತಾರೀಕು ವಕೀಲರ ಮುಂದೆ ವಕೀಲನ ಮೊಮ್ಮಗಳು ಬಾಯಿ ತೆಗೆಯದೆ ನಿಂತರೆ ಪಪ್ಪಾನಿಗೆ ತಾನೇ ಅರ್ಥವಾಗುತ್ತದೆ. ಆಮೇಲೆ ಅರ್ಜಿ ಕೊಡುತ್ತೇನೆ.

ನವೆಂಬರ್ 23, ಭಾನುವಾರ
ಮಾನ್ವಿ

ನೆಟ್ಟಿನಲ್ಲಿ ಸಿಕ್ಕ ಶ್ರದ್ಧಾಂಜಲಿ ಭಾಷಣವೊಂದಕ್ಕೆ ತಾತನ ಹೆಸರು ಸೇರಿಸಿ ಅಜ್ಜಿಗೆ ಓದಿ ತೋರಿಸಿದೆ. ಅಜ್ಜಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ಕಾನೂನು ಲೋಕದ ಧ್ರುವತಾರೆ, ನ್ಯಾಯದೇಗುಲದ ನಂದಾದೀಪ, ಹೀಗೆ ಎರಡು ಪುಟ. ಕೊನೆಗೆ ಅಜ್ಜಿ ಕೇಳಿದಳು:

"ಯಾರ ಬಗ್ಗೆ ಇದು?"

"ತಾತನ ಬಗ್ಗೆ, ಅಜ್ಜಿ!"

"ಹೌದಾ? ನಾ ಯಾವನೋ ಮಂತ್ರಿ ಸತ್ತಾನಂತ ಮಾಡಿದ್ನಿ."

ಪಪ್ಪಾ ಒಳಗಿನಿಂದ ನಕ್ಕದ್ದು ಕೇಳಿಸಿತು. ನನಗೆ ಸಿಟ್ಟು ಬಂತು. "ಹಾಗಾದರೆ ಏನು ಬರೀಲಿ, ನೀನೇ ಹೇಳು."

"ನಾ ಅಡಗಿಮನಿಯಾಗಿನ ಗದ್ದೆಪ್ಪನ್ನ ಬಲ್ಲೆ. ಹೊರಗಿನ ಖೋಲಿ ಗದ್ದೆಪ್ಪ ಬೇಕಂದ್ರ ಪೀರಾ ಸಾಬ್‌ನ ಕೇಳು." ಗಂಡನ ಹೆಸರು ಹೇಳಲು ಅಜ್ಜಿಗೆ ಯಾವತ್ತೂ ಸಂಕೋಚವಿಲ್ಲ. ಮದುವೆಯಾದ ವಾರದಲ್ಲೇ ತಾತ, "ಹೆಸರಿಟ್ಟಿರೋದು ಕರಿಯಾಕ, ಕರಿ" ಅಂದಿದ್ದನಂತೆ.

ಹೊರಗಿನ ಖೋಲಿ ಅಂದರೆ ತಾತನ ಆಫೀಸು. ಪೀರಾ ಸಾಬ್ ತಾತನ ಗುಮಾಸ್ತರು, ಮೂವತ್ತೆಂಟು ವರ್ಷ ಜೊತೆಗಿದ್ದವರು. ಈಗ ದೇವದುರ್ಗದಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಜೊತೆ ಏನು ಮಾತಾಡುವುದು? ಗುರುತಿಲ್ಲದವರ ಮನೆಯ ಬಾಗಿಲು ಬಡಿಯುವುದೇ ನನಗೆ ಆಗುವುದಿಲ್ಲ. ಒಂದು ಪಟ್ಟಿ ಮಾಡಿಕೊಂಡು ಹೋಗಬೇಕು.

ನವೆಂಬರ್ 30, ಭಾನುವಾರ

ದೇವದುರ್ಗದಿಂದ ಈಗ ಬಂದೆ. ಉದ್ದ ಬರೆಯಬೇಕು.

ಪೀರಾ ಸಾಬ್ ಮನೆ ಮುಂದಿನ ಕಟ್ಟೆಯ ಮೇಲೆ ಕೂತಿದ್ದರು. ನಾನು ಹೆಸರು ಹೇಳುವ ಮೊದಲೇ, "ಆ ಮೂಗು ನಮ್ಮ ಸಾಹೇಬ್ರದ್ದು. ಬಾ ಬೇಟಿ, ಕುಂದ್ರು" ಅಂದರು. ಚಹಾ ಬಂತು. ಪಟ್ಟಿಯಲ್ಲಿನ ಮೊದಲ ಪ್ರಶ್ನೆ ಕೇಳಿದೆ: "ಚಾಚಾ, ತಾತನಿಗೆ ಕಿವಿ ಕೇಳ್ತಿರಲಿಲ್ಲ ಅಲ್ವಾ, ಕೋರ್ಟಿನಲ್ಲಿ ಹೇಗೆ ಮ್ಯಾನೇಜ್ ಮಾಡ್ತಿದ್ದ?"

ಅವರು ಕಪ್ಪನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಹತ್ತಿ, ಮಗಳು ಒಳಗಿನಿಂದ ನೀರು ಹಿಡಿದು ಓಡಿ ಬಂದಳು.

"ಕಿವಿ? ನಮ್ಮ ಸಾಹೇಬ್ರಿಗಿ? ಒಳಗ ಜಡ್ಜ್ ಸಾಹೇಬ್ರು ಪುಟ ತಿರುವಿದ್ರ ಹೊರಗ ವರಾಂಡಾದಾಗ ಕುಂತ ನಿಮ್ಮ ತಾತ, 'ಪೀರಾ, ನಮ್ಮ ಕೇಸ್ ಬಂತು, ಏಳು' ಅಂತಿದ್ರು! ಕಿವುಡು ಅಂತ ನಿನಗ ಯಾರು ಹೇಳಿದ್ರು?"

"ಯಾರೂ ಇಲ್ಲ. ಏನು ಹೇಳಿದರೂ ಇನ್ನೊಮ್ಮೆ ಹೇಳು ಅಂತಿದ್ದ."

ಪೀರಾ ಸಾಬರ ನಗು ನಿಂತಿತು. "ನಿನಗೂ ಅಂತಿದ್ರೇನು? ಅದು ಅವರ ಕೆಲಸದ ರೀತಿ ಬೇಟಿ. ಯಾರ ಬಂದ್ರೂ ಮೊದಲನೇ ಸಲ ಪೆನ್ನಿನ ಟೊಪ್ಪಿಗಿ ತೆಗೀತಿರ್ಲಿಲ್ಲ. ಪೆನ್ನು ಟೇಬಲ್ ಮ್ಯಾಲ, ಕೈ ಎರಡೂ ತೊಡಿ ಮ್ಯಾಲ. ಪೂರಾ ಕೇಳೋರು. ಆಮ್ಯಾಲ, ಇನ್ನೊಮ್ಮೆ ಹೇಳು ಅನ್ನೋರು. ಆವಾಗ ಟೊಪ್ಪಿಗಿ ತೆಗಿಯೋರು. ಕೆಲವ್ರು ಸಿಟ್ಟಿಗೇಳೋರು, ಏನ್ರೀ ವಕೀಲ್ರ, ನಿದ್ದಿ ಮಾಡಿದ್ರೇನು ಅಂತ. ನಾನೂ ಕೇಳೀನಿ, ಯಾಕ್ರೀ ಸಾಹೇಬ್ರ ಅಂತ. 'ಪೀರಾ, ಮೊದಲನೇದು ಅಳಾಕ, ಎರಡನೇದು ಹೇಳಾಕ. ಅಳೋದ್ರಾಗ ಬರಕೊಂಡ್ರ ಕೇಸ್ ಕೆಡ್ತದ' ಅಂದ್ರು."

ನನ್ನ ಪಟ್ಟಿ ಕೈಯಲ್ಲೇ ಉಳಿಯಿತು. ಇನ್ನೂ ಹದಿನಾರು ಪ್ರಶ್ನೆ ಇದ್ದವು, ಒಂದೂ ಕೇಳಬೇಕು ಅನ್ನಿಸಲಿಲ್ಲ. ಅವರು ಹೇಳುತ್ತ ಹೋದರು: ಸೈಕಲ್ಲು, ಸೋತ ಕೇಸುಗಳು, ಜಾಲಹಳ್ಳಿಯಿಂದ ಬಂದವರಿಗೆ ಬಸ್ ಹೊತ್ತು ನೋಡಿ ಅಜ್ಜಿ ಮಾಡಿಡುತ್ತಿದ್ದ ರೊಟ್ಟಿ. ಮುಗಿದ ಮೇಲೆ ನೋಡಿದರೆ ಒಂದಕ್ಷರವನ್ನೂ ನಾನು ಬರೆದುಕೊಂಡಿರಲಿಲ್ಲ. "ಇನ್ನೊಮ್ಮೆ ಹೇಳ್ತೀರಾ ಚಾಚಾ?" ಅಂತ ಪೆನ್ನು ತೆರೆದೆ. ಪೀರಾ ಸಾಬ್ ನನ್ನ ಕೈಯನ್ನೇ ನೋಡಿ, ಯಾಕೋ ಹೆಗಲ ಮೇಲಿನ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಬೇಜಾರಾಯಿತೇನೋ.

ಎರಡನೇ ಸಲ ಹೇಳುವಾಗ ಮೊದಲು ಬಾರದ ಹೆಸರೊಂದು ಬಂತು, ತಾತನ ಹಳೇ ಕಕ್ಷಿದಾರಳು, ಕಲ್ಲೂರಿನ ಗದ್ದೆಮ್ಮ. ನೋಟ್‌ಬುಕ್ ಹಾಸ್ಟೆಲಿನಲ್ಲೇ ಬಿಟ್ಟಿದ್ದೆ, ಪಟ್ಟಿಯ ಚೀಟಿ ತುಂಬಿತ್ತು. ಬ್ಯಾಗಿನಲ್ಲಿದ್ದ ಟಿ.ಸಿ. ಅರ್ಜಿಯ ಹಿಂಬದಿ ಬರೆದುಕೊಂಡೆ.

ಡಿಸೆಂಬರ್ 3, ಬುಧವಾರ

ಹಾಗಾದರೆ ತಾತನಿಗೆ ಎಲ್ಲ ಕೇಳುತ್ತಿತ್ತು.

ಏಳನೇ ಕ್ಲಾಸಿನಲ್ಲಿ ಒಂದು ಭಾನುವಾರ, "ನಿನಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಅಂದಿದ್ದೆ. ಮೆಲ್ಲಗೆ ಅಂದಿದ್ದೆ, ಕೇಳಿಸುವುದಿಲ್ಲ ಅಂತ. ಅದೊಂದನ್ನು ಇನ್ನೊಮ್ಮೆ ಹೇಳು ಅಂದಿರಲಿಲ್ಲ.

ಮತ್ತೆ ಆ ಮಷೀನ್ ಯಾಕೆ ಹಾಕಿಕೊಂಡ?

ಡಿಸೆಂಬರ್ 7, ಭಾನುವಾರ

ಮಾನ್ವಿ ಬಸ್ಸು ಹತ್ತಿ ಕಲ್ಲೂರಿನಲ್ಲಿ ಇಳಿದೆ. ಕಿರಾಣಿ ಅಂಗಡಿಯಲ್ಲಿ "ಗದ್ದೆಪ್ಪ ವಕೀಲರ ಮೊಮ್ಮಗಳು" ಅಂದದ್ದೇ ತಡ, ಅಂಗಡಿಯವ ಗಿರಾಕಿಯನ್ನು ನಿಲ್ಲಿಸಿ ನನ್ನನ್ನು ಗದ್ದೆಮ್ಮನ ಮನೆವರೆಗೂ ಬಿಟ್ಟುಹೋದ. ಅರವತ್ತರ ಆಸುಪಾಸಿನ ಹೆಂಗಸು. ಹತ್ತಿ ಬಿಡಿಸಿ ಆಗಷ್ಟೇ ಹೊಲದಿಂದ ಬಂದಿದ್ದಳು, ತಲೆಗೂದಲಲ್ಲೂ ಹತ್ತಿ. ನಾನು ಬಂದ ಕಾರಣ ಹೇಳುವಷ್ಟರಲ್ಲಿ ಮುಂದೆ ಮಂಡಾಳು ಒಗ್ಗರಣಿ, ಅಂದರೆ ಒಗ್ಗರಿಸಿದ ಮಂಡಕ್ಕಿಯ ತಟ್ಟೆ ಬಂದಿತ್ತು.

ಅಪ್ಪನ ಹೊಲದಲ್ಲಿ ಪಾಲು ಕೇಳಿ ಅವಳು ತಮ್ಮ ತಿರುಪತಿಯ ಮೇಲೆ ಕೇಸು ಹಾಕಿದ್ದಳು. ಇಪ್ಪತ್ತೆರಡು ವರ್ಷದ ಹಿಂದಿನ ಮಾತು.

"ಮೊದಲನೇ ದಿನ ಒಂದು ತಾಸು ತಮ್ಮನ್ನ ಬೈದ್ನವ್ವಾ. ಅವನ ಹೆಂಡ್ತೀನ್ನೂ ಬೈದ್ನಿ. ನಿಮ್ಮ ತಾತ ಹಾಂ ಹೂಂ ಅನ್ಲಿಲ್ಲ. ಎಲ್ಲಾ ಆದ ಮ್ಯಾಲ, ಇನ್ನೊಮ್ಮೆ ಹೇಳು ಗದ್ದೆಮ್ಮ ಅಂದ್ರು. ಎರಡನೇ ಸಲ ಬೈಗುಳ ಖಾಲಿ ಆಗಿದ್ವು. ಅವಾಗ ಬಾಯಾಗಿಂದ ಬಂತು ನೋಡು, ಪಾಲು ಕೇಳಿದಾಗಿಂದ ಅವ ಪಂಚಮಿಗಿ ಕರಿಯಾಕ ಬರೋದು ಬಿಟ್ಟಾನ ಅಂತ. ಅಣ್ಣತಮ್ಮ ಬಂದು ಕರಕೊಂಡು ಹೋಗಲಾರ್ದ ಪಂಚಮಿ ಯಾವ ಪಂಚಮಿ? ಬಾಗಲಾಗ ಕುಂತು ದಾರಿ ನೋಡ್ತಿದ್ನಿ. ವಕೀಲ್ರು ಪೆನ್ನು ತೆಗದು ಅದನ್ನ ಮೊದ್ಲ ಬರಕೊಂಡ್ರು."

ಎರಡು ವರ್ಷಕ್ಕೆ ತಿರುಪತಿ ರಾಜಿಗೆ ಒಪ್ಪಿದ. ಎರಡು ಎಕರೆ ಅಕ್ಕನಿಗೆ. ತಾತ ರಾಜಿ ಅರ್ಜಿಯಲ್ಲಿ ಕೊನೆಗೊಂದು ಸಾಲು ಬರೆದಿದ್ದ. ಗದ್ದೆಮ್ಮನಿಗೆ ಓದಲು ಬರುವುದಿಲ್ಲ, ಆದರೆ ಆ ಸಾಲು ಬಾಯಿಪಾಠ: ಪ್ರತಿವಾದಿಯು ಪ್ರತಿ ವರ್ಷ ನಾಗರ ಪಂಚಮಿಗೆ ತಾನೇ ಖುದ್ದಾಗಿ ಬಂದು ವಾದಿಯನ್ನು ತವರಿಗೆ ಕರೆದುಕೊಂಡು ಹೋಗತಕ್ಕದ್ದು.

"ಜಡ್ಜ್ ಸಾಹೇಬ್ರು ನಕ್ರು. ಏನ್ರೀ ಗದ್ದೆಪ್ಪ, ಇವ ಹೋಗಲಿಲ್ಲಂದ್ರ ಪೊಲೀಸ್ರನ್ನ ಕಳಸೋಣೇನು ಅಂದ್ರು. 'ಕಾಗದದ ಮ್ಯಾಲ ಇದ್ರ ಸಾಕ್ರಿ ಸ್ವಾಮಿ. ಹೋಗಾಕ ಮನಸ್ಸದ, ನಾಚಿಕಿ ಬಿಡವಲ್ದು. ಅವನಿಗಿ ಒಂದು ನೆಪ ಬೇಕಾಗೇದ' ಅಂದ್ರು ನಿಮ್ಮ ತಾತ."

"ಬರ್ತಾನಾ?"

"ಒಂದು ವರ್ಷ ತಪ್ಪಿಸಿಲ್ಲ! ಮಾರಿ ಗಂಟು ಹಾಕ್ಕೊಂಡ ಬರ್ತಾನ. ಬಾಗಲಾಗ ನಿಂತು, ಕೋರ್ಟ್ ಆರ್ಡರ್ ಅದ, ಬಂದೀನಿ, ಏಳು ಅಂತಾನ. ದಾರಿ ತುಂಬ ನಗಿಸ್ಕೊಂತ ಕರಕೊಂಡ ಹೋಗ್ತಾನ."

ಗದ್ದೆಮ್ಮ ಎಲ್ಲವನ್ನೂ ಎರಡು ಸಲ ಹೇಳಿದಳು. ನನಗೆ ಬಸ್ಸು ತಪ್ಪಿತು. ಮುಂದಿನ ಬಸ್ಸಿಗೆ ನಲವತ್ತು ನಿಮಿಷ ನಿಂತೆ, ಬೇಜಾರಾಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮುದುಕಿಯ ಸೊಸೆಯ ಕಥೆ ಪೂರ್ತಿ ಕೇಳಿಸಿಕೊಂಡೆ.

ಡಿಸೆಂಬರ್ 14, ಭಾನುವಾರ
ಮಾನ್ವಿ

ಫೋಟೊದ ಜೊತೆ ಇಡಲು ತಾತನ ಪೆನ್ನು ಬೇಕು ಅಂತ ಸಂಘದವರು ಕೇಳಿದ್ದರು. ಹೊರಗಿನ ಖೋಲಿಯ ಡ್ರಾ ತೆಗೆದೆ. ಪೆನ್ನಿನ ಪಕ್ಕದಲ್ಲೇ ಕಿವಿ ಮಷೀನಿನ ಡಬ್ಬಿ. ಜೊತೆಗೆ ಬಂದಿದ್ದ ಬ್ಯಾಟರಿ ಪ್ಯಾಕೆಟ್ಟೂ ಅದರಲ್ಲೇ ಇತ್ತು. ಆರು ಬ್ಯಾಟರಿ, ಆರರ ಮೇಲೂ ಕಿತ್ತಳೆ ಬಣ್ಣದ ಸ್ಟಿಕರ್ ಹಾಗೇ ಇದೆ. ಆ ಸ್ಟಿಕರ್ ಕಿತ್ತರೆ ಮಾತ್ರ ಬ್ಯಾಟರಿ ಚಾಲೂ ಆಗುವುದು. ಅದನ್ನು ತಾತನಿಗೆ ಹೇಳಿಕೊಟ್ಟವಳು ನಾನೇ. ಮಷೀನಿನ ಒಳಗೆ ನೋಡಿದೆ, ಖಾಲಿ.

ಅಡಿಗೆಮನೆಗೆ ತಂದು ಅಜ್ಜಿಯ ಮುಂದೆ ಹಿಡಿದೆ. ಅಜ್ಜಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ನೀ ರಜಾಕ್ಕ ಬರೋ ದಿನ ಬೆಳಿಗ್ಗಿ ಹಾಕ್ಕೊಳ್ಳೋರು. ನಿನ್ನ ಬಸ್ಸು ಹೋತಂದ್ರ ತೆಗದು ಇಡೋರು."

"ಪಪ್ಪಾ, ನಿನಗೂ ಗೊತ್ತಿತ್ತಾ?"

"ಡಾಕ್ಟರ್ ಟೆಸ್ಟ್ ಮಾಡಿ ಕಿವಿ ಬಾಳ ಚಲೋ ಅದಾವ ಅಂದಿದ್ರು" ಅಂದ ಪಪ್ಪಾ, ತಟ್ಟೆಯಿಂದ ತಲೆ ಎತ್ತದೆ. "ನಿಮ್ಮ ತಾತ ನನಗ, 'ಅಂಬರೀಶ, ಆದ್ರೂ ಒಂದು ತಗೋ, ಹುಡುಗಿ ಆಸಿ ಪಟ್ಟಾಳ' ಅಂದ್ರು."

"ಕೇಳುತ್ತೆ ಅಂತ ಒಂದು ಮಾತು ನನಗೆ ಹೇಳಿದ್ದರೆ ಆಗುತ್ತಿತ್ತಲ್ಲ?"

ರೊಟ್ಟಿ ಹಂಚಿನ ಮೇಲೆ ಬಿತ್ತು. ಅಜ್ಜಿ ಅದರ ಮೇಲೆ ನೀರು ಸವರುತ್ತ ಹೇಳಿದಳು.

"ನಾನೂ ಅದನ್ನ ಕೇಳಿದ್ನಿ. 'ಕನಕಾ, ಆ ಕೂಸು ಸಾಲ್ಯಾಗ ಯಾರ ಮುಂದನೂ ಬಾಯಿ ಬಿಡಂಗಿಲ್ಲಂತ ಮೇಡಂ ಹೇಳ್ಯಾರ. ವಾರಕ್ಕೊಮ್ಮೆ ನನ್ನ ಮುಂದ ಅಷ್ಟ ಗಟ್ಟಿಯಾಗಿ ಮಾತಾಡ್ತದ. ನನ್ನ ಕಿವಿ ಸರಿ ಅದಾವಂತ ಗೊತ್ತಾದ್ರ ಮತ್ತ ಮೆಲ್ಲಕ ಆಗ್ತದ. ನಾ ಕಿವುಡ ಆದ್ರ ನಂದೇನು ಹೋಗ್ತದ?' ಅಂದ್ರು."

ನಾನು ಎದ್ದು ಹೊರಗಿನ ಖೋಲಿಗೆ ಹೋದೆ. ಕಕ್ಷಿದಾರರು ಕೂರುವ ಬೆಂಚಿದೆಯಲ್ಲ, ಅದರ ಮೇಲೆ ಕೂತೆ, ತಾತನ ಕುರ್ಚಿಯ ಎದುರಿಗೆ. ರೊಟ್ಟಿ ಆರಿತು ಅಂತ ಅಜ್ಜಿ ಎರಡು ಸಲ ಕರೆದಳು. ಎರಡನೇ ಸಲಕ್ಕೆ ಎದ್ದೆ.

ಡಿಸೆಂಬರ್ 20, ಶನಿವಾರ
ಮಾನ್ವಿ

ಫೋಟೊ ದೊಡ್ಡದು ಮಾಡಿದವನು ತಾತನನ್ನು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗೆ ಮಾಡಿಟ್ಟಿದ್ದ. ಪರದೆ ಸರಿಸಿದ ಕೂಡಲೇ ಅಜ್ಜಿ ಎಲ್ಲರಿಗೂ ಕೇಳುವ ಹಾಗೆ, "ಇಂವ ಯಾರು?" ಅಂದಳು. ಮುಂದಿನ ಸಾಲು ನಗು ತಡೆದುಕೊಂಡು ನೆಲ ನೋಡಿತು.

ಲೈಬ್ರರಿ ತುಂಬಿತ್ತು. ಕರಿ ಕೋಟುಗಳ ಹಿಂದೆ, ಬಾಗಿಲಾಚೆ ವರಾಂಡಾದಲ್ಲಿ, ನನಗೆ ಗುರುತಿಲ್ಲದ ಹಳ್ಳಿಯ ಜನ. ಗದ್ದೆಮ್ಮನೂ ಇದ್ದಳು. ಶಂಭುಲಿಂಗಪ್ಪ ಸರ್ ನನ್ನ ಹೆಸರು ಕೂಗಿದರು.

ನಿಂತೆ. "ನಮ್ಮ ತಾತ" ಅಂದೆ. ಎದುರಿಗೆ ಟೇಬಲ್ ಮೇಲೆ ಮುಚ್ಚಳ ಹಾಕಿದ ಪೆನ್ನು ಇತ್ತು. ಅಷ್ಟೇ, ಅಳು ಬಂದುಬಿಟ್ಟಿತು. ಕಣ್ಣಲ್ಲಿ ನೀರು ತುಂಬುವ ಅಳುವಲ್ಲ, ಮೂಗು ಸೋರುವ, ದನಿ ಬರುವ ಅಳು. ಎಷ್ಟು ಹೊತ್ತೋ ಗೊತ್ತಿಲ್ಲ. ಶಂಭುಲಿಂಗಪ್ಪ ಸರ್ ನೀರಿನ ಲೋಟ ಕೊಟ್ಟು, "ಇರ್ಲಿ ಕುಂದ್ರವ್ವಾ, ನಮಗ ತಿಳೀತು, ಸಾಕು" ಅಂದರು. ನಾನು ಕೂರಲು ತಿರುಗಿದೆ.

ಹಿಂದಿನಿಂದ ಪೀರಾ ಸಾಬರ ದನಿ ಬಂತು. "ಸೆಕ್ರೆಟ್ರಿ ಸಾಹೇಬ್ರ, ಇದು ಮೊದಲನೇದ್ರಿ! ಎರಡನೇದು ಬಾಕಿ ಅದ!"

ಇಡೀ ಲೈಬ್ರರಿ ನಕ್ಕಿತು. ತಾತನ ಕೈಕೆಳಗೆ ಕೆಲಸ ಕಲಿತ ವಕೀಲರೇ ಅರ್ಧ ಜನ ಇದ್ದರಂತೆ. ವರಾಂಡಾದಿಂದ ಯಾರೋ ಕೂಗಿದರು, "ಹೌದ್ರಿ! ಇನ್ನೊಮ್ಮೆ ಹೇಳವ್ವಾ!"

ಹೇಳಿದೆ. ಬರೆದು ತಂದಿದ್ದ ಕಾಗದ ಮಡಚಿದ್ದು ಮಡಚಿದ ಹಾಗೇ ಇತ್ತು. ಮೈಕ್ ಮುಂದಿದ್ದರೂ ಭಾನುವಾರದ ದನಿಯಲ್ಲೇ ಶುರು ಮಾಡಿಬಿಟ್ಟೆ. ಕಿವಿ ಮುಚ್ಚಿಕೊಂಡು ಬಂದು ಶಂಭುಲಿಂಗಪ್ಪ ಸರ್ ಮೈಕನ್ನೇ ಆಫ್ ಮಾಡಿದರು. ಪಂಚಮಿಯ ಸಾಲು ಹೇಳಿದಾಗ ಜನ ಚಪ್ಪಾಳೆ ತಟ್ಟಿದರು. ಮಷೀನಿನ ಸ್ಟಿಕರ್ ವಿಷಯ ಹೇಳಿದಾಗ ತಟ್ಟಲಿಲ್ಲ. ಗೋಡೆಯ ಮಾತನ್ನೂ ಹೇಳಿದೆ, ಅದನ್ನು ಫೋಟೊದ ಕಡೆ ತಿರುಗಿ ಹೇಳಿದೆ. ಫೋಟೊ ಗೋಡೆಯ ಮೇಲೇ ಇತ್ತು.

ಐದು ನಿಮಿಷ ಇದ್ದದ್ದು ಹದಿನೇಳಾಯಿತು ಅಂತ ಪಪ್ಪಾ ಹೇಳಿದ. "ನನಗ ಲೈನ್ ಎಳಿಯಾಕ ಬರ್ತದ, ನಿನಗ ಮಾತು ಎಳಿಯಾಕ ಬರ್ತದ" ಅಂದು, ಕರವಸ್ತ್ರ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದ.

ಗದ್ದೆಮ್ಮನನ್ನು ಬೈಕಿನ ಮೇಲೆ ಕರೆತಂದವನು ತಿರುಪತಿ. ದಪ್ಪ ಮೀಸೆ, ಗಂಟು ಹಾಕಿದ ಮುಖ. "ಇವತ್ತು ಪಂಚಮಿ ಅಲ್ಲಲ್ರಿ" ಅಂದೆ. "ಈ ಸಲ ಆರ್ಡರ್ ಇಲ್ದನ ಬಂದೀನವ್ವಾ" ಅಂದ.

ಡಿಸೆಂಬರ್ 21, ಭಾನುವಾರ
ರಾಯಚೂರು, ಹಾಸ್ಟೆಲ್

ನಾಲ್ಕು ಗಂಟೆ. ಪಪ್ಪಾ ಫೋನ್ ಮಾಡಿದ್ದ. ಫೋಟೊ ಬದಲಿಸಿ, ತಾತನಿಗಿದ್ದ ಬಣ್ಣದಲ್ಲೇ ಹಾಕಿ ಅಂತ ಅಜ್ಜಿ ಸಂಘಕ್ಕೆ ಹೇಳಿ ಕಳಿಸಿದ್ದಾಳಂತೆ. ಆಗಲಿ ಅಂದರಂತೆ.

ಬ್ಯಾಗ್ ಖಾಲಿ ಮಾಡುವಾಗ ಟಿ.ಸಿ. ಅರ್ಜಿ ಸಿಕ್ಕಿತು. ಒಂದು ಮಗ್ಗುಲಿಗೆ ಗದ್ದೆಮ್ಮನ ವಿಳಾಸ, ಪೀರಾ ಸಾಬರ ಮಾತು, ಒಗ್ಗರಣಿಯ ಎಣ್ಣೆ. ಇಂಥದ್ದನ್ನು ಆಫೀಸಿನವರು ತೆಗೆದುಕೊಳ್ಳುವುದಿಲ್ಲ. ಈ ಪುಟದ ಎದುರಿಗೆ ಅಂಟಿಸಿದ್ದೇನೆ. ಜನವರಿಯ ಮೂಟ್ ಕೋರ್ಟಿಗೆ ಹೆಸರು ಕೊಡಿ ಅಂತ ನೋಟಿಸ್ ಬೋರ್ಡಿನಲ್ಲಿ ಹಾಕಿದ್ದಾರೆ. ನಾಳೆ ನೋಡಬೇಕು.

ಜಾಹೆದಾ ಊರಿನಿಂದ ಈಗ ಬಂದಳು. ಬ್ಯಾಗನ್ನು ಹೆಗಲಿನಿಂದ ಇಳಿಸದೆ ನನ್ನ ಮಂಚದ ತುದಿಯಲ್ಲಿ ಕೂತಿದ್ದಾಳೆ. "ನಿನಗ ಒಂದು ಹೇಳ್ಬೇಕಾಗಿತ್ತು. ಆದ್ರ ನೀ ಬರಿಯಾಕತ್ತಿ, ಇರ್ಲಿ ಬಿಡು" ಅಂದಳು. ಮುಖ ನೋಡಿದರೆ ಮೊದಲನೆಯದೇ ಉದ್ದ ಇರುವ ಹಾಗಿದೆ.

ಪೆನ್ನಿನ ಮುಚ್ಚಳ ಹಾಕುತ್ತೇನೆ.